ಕ್ಯಾಡಿ ಇಲ್ಲದ ಊರಿನಲ್ಲಿ ಗಾಲ್ಫ್

ಮೈಸೂರಿನಲ್ಲಿ ನಾನು 14 ವರ್ಷ ಗಾಲ್ಫ್ ಆಡಿದ್ದೇನೆ. ಅಷ್ಟು ವರ್ಷದಲ್ಲಿ ಕಳೆದ ಚೆಂಡು ಹೆಚ್ಚೆಂದರೆ 30 ಇರಬಹುದು. ಇಂಗ್ಲೆಂಡಿಗೆ ಬಂದು ಮೊದಲ ಎರಡು ವಾರದಲ್ಲೇ 31 ಕಳೆದೆ. ಕೈ ಅದೇ, ಸೊಂಟ ಅದೇ, ಬುದ್ಧಿಯೂ ಅದೇ. ಇಲ್ಲಿ ಇಲ್ಲದೇ ಇದ್ದವನು ಒಬ್ಬನೇ, ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದ ನಮ್ಮ ಕ್ಯಾಡಿ.

ಬೆಟ್ಟದ ತಪ್ಪಲಿನ ಆ ಮೈದಾನದಲ್ಲಿ ನಾನು ಹೊಡೆದ ಚೆಂಡು ಮುಳ್ಳಿನ ಪೊದೆಗೆ ಹೋಗಲಿ, ಒಣಗಿದ ಹಳ್ಳಕ್ಕೆ ಬೀಳಲಿ, ಅವನು ಮುಂದೆ ಮುಂದೆ ಹೋಗಿ ಎರಡು ಸುತ್ತು ಸುತ್ತಿ, "ಇಲ್ಲೇ ಅದೆ ಸಾ!" ಎಂದು ಕೂಗುತ್ತಿದ್ದ. ಹೋಗಿ ನೋಡಿದರೆ ಚೆಂಡು ಒಳ್ಳೆ ಹುಲ್ಲಿನ ಮೇಲೆ, ಪೂಜೆಗೆ ಇಟ್ಟ ತೆಂಗಿನಕಾಯಿಯ ಹಾಗೆ ಕೂತಿರುತ್ತಿತ್ತು. ನನ್ನ ಅದೃಷ್ಟ ದೊಡ್ಡದು, ಅವನ ಕಣ್ಣು ಹದ್ದಿನದು ಅಂತ ನಂಬಿಕೊಂಡಿದ್ದೆ. ಅದೇ ನಂಬಿಕೆಯಲ್ಲಿ ನನ್ನ ಹ್ಯಾಂಡಿಕ್ಯಾಪ್ 22, ಅಂದರೆ ಒಂದು ಆಟಕ್ಕೆ ನಿಗದಿಯಾದ ಹೊಡೆತಕ್ಕಿಂತ ಸುಮಾರು 22 ಮಾತ್ರ ಹೆಚ್ಚು, ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಮಗಳ ಮನೆ ನಾಟಿಂಗ್‌ಹ್ಯಾಮ್‌ನಲ್ಲಿ. ಆರು ತಿಂಗಳ ವಿಸಿಟರ್ ವೀಸಾದ ಮೇಲೆ ನಾನೂ ಹೆಂಡತಿಯೂ ಬಂದೆವು. ಬಂದ ಎರಡನೇ ದಿನವೇ ಅವಳು ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡಳು. ನನಗೆ ವಶಕ್ಕೆ ತೆಗೆದುಕೊಳ್ಳಲು ಸೋಫಾ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ವಾರ ನೋಡಿ ಅಳಿಯ ಹೇಳಿದ, "ಮಾವ, ನೀವು ಗಾಲ್ಫ್ ಆಡ್ತೀರಲ್ವಾ? ಇಲ್ಲಿ ಸುತ್ತಮುತ್ತ ಬೇಕಾದಷ್ಟು ಕೋರ್ಸ್ ಇವೆ."

ನನಗೆ ಇಂಗ್ಲೆಂಡ್, ಸ್ಕಾಟ್ಲೆಂಡ್ ಗಾಲ್ಫ್ ಅಂದರೆ ಟಿವಿಯಲ್ಲಿ ನೋಡಿದ ಸಮುದ್ರದ ದಂಡೆಯ ಗಾಲ್ಫ್. ಮರಳು, ಗಾಳಿ, ಒಂದೂ ಮರವಿಲ್ಲದ ಬಯಲು. ಅದಕ್ಕೆ ಲಿಂಕ್ಸ್ ಅನ್ನುತ್ತಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸಿನಲ್ಲಿ ಬೇಸಿಗೆಯಲ್ಲಿ ಒಂದು ಸಲ ಆಡಲು 300 ಪೌಂಡಿಗೂ ಜಾಸ್ತಿ. ಅದಕ್ಕೂ ಸಾಮಾನ್ಯವಾಗಿ ಲಾಟರಿಯಲ್ಲಿ ಹೆಸರು ಬರಬೇಕು. ಆ ದುಡ್ಡಿಗೆ ಮೈಸೂರಿನಲ್ಲಿ ಒಂದು ಸಣ್ಣ ಮುಂಜಿ ಮಾಡಿ ಮುಗಿಸಬಹುದು. ಆದರೆ ಒಳನಾಡಿನಲ್ಲಿ ಇರುವುದು ಬೇರೆ ಜಾತಿ, ಪಾರ್ಕ್‌ಲ್ಯಾಂಡ್ ಅಂತ. ಜೇಡಿಮಣ್ಣು, ಮೆತ್ತನೆ ಹುಲ್ಲು, ದೊಡ್ಡ ದೊಡ್ಡ ಓಕ್ ಮರ, ನಡುವೆ ಒಂದು ಕೊಳ. ಎಷ್ಟೋ ಕಡೆ ಹಿಂದೆ ಯಾರೋ ಜಮೀನ್ದಾರ ತನ್ನ ಬಂಗಲೆಯ ಕಿಟಕಿಯಿಂದ ನೋಡಿ ಖುಷಿಪಡಲು ಬೆಳೆಸಿದ ತೋಟ ಅದು. ಊರಿನ ಅಂಚಿನ ಇಂಥ ಸಾಧಾರಣ ಕೋರ್ಸುಗಳಲ್ಲಿ ಮೆಂಬರ್ ಆಗಬೇಕಿಲ್ಲ, ಶಿಫಾರಸು ಬೇಕಿಲ್ಲ. ದುಡ್ಡು ಕೊಟ್ಟು ಆಡಿ, ಮನೆಗೆ ಹೋಗಿ. ಸಂಜೆಯ ಟ್ವಿಲೈಟ್ ರೇಟಿನಲ್ಲಿ ನನಗೆ ಸಿಕ್ಕಿದ್ದು 18 ಪೌಂಡಿಗೆ. ಮನಸ್ಸಿನಲ್ಲಿ ತಕ್ಷಣ ರೂಪಾಯಿಗೆ ಗುಣಿಸಿ, ತಕ್ಷಣ ಮರೆತೆ. ಇಲ್ಲಿ ಬಂದವರು ಮೊದಲು ಕಲಿಯಬೇಕಾದ ವಿದ್ಯೆ ಅದು.

ಕ್ಲಬ್ಬುಗಳು, ಅಂದರೆ ಚೆಂಡು ಹೊಡೆಯುವ ಕೋಲುಗಳು, ಸಿಕ್ಕಿದ್ದು ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ. ಚೀಲದ ಸಮೇತ 25 ಪೌಂಡ್. ನಿಯಮದ ಪ್ರಕಾರ 14 ಕ್ಲಬ್ ಇಟ್ಟುಕೊಳ್ಳಬಹುದು, ನನ್ನ ಚೀಲದಲ್ಲಿ ಒಂಬತ್ತಿದ್ದವು. ಅದರಲ್ಲೊಂದು ಎಡಗೈಯವರದು ಅಂತ ಗೊತ್ತಾಗಿದ್ದು ನಾಲ್ಕನೇ ಹೋಲಿನಲ್ಲಿ (ಚೆಂಡು ಬೀಳಿಸಬೇಕಾದ ಹದಿನೆಂಟು ಕುಳಿಗಳಲ್ಲಿ ನಾಲ್ಕನೆಯದು). "ಪರವಾಗಿಲ್ಲ ಮಾವ, ಚೆಂಡು ಮರದ ಬುಡಕ್ಕೆ ಅಂಟಿಕೊಂಡಾಗ ಉಪಯೋಗಕ್ಕೆ ಬರುತ್ತೆ" ಅಂದ ಅಳಿಯ, ಮನೆಗೆ ಹೋಗಿ ಹೇಳಿದಾಗ. ಸಮಾಧಾನಕ್ಕೆ ಹೇಳಿದ ಅಂದುಕೊಂಡೆ. ಆಮೇಲೆ ನೋಡಿದರೆ ಇಡೀ ಚೀಲದಲ್ಲಿ ಅತಿ ಹೆಚ್ಚು ಬಳಸಿದ ಕ್ಲಬ್ ಅದೇ.

ಟ್ವಿಲೈಟ್ ಅಂದರೆ ಗೋಧೂಳಿ ಅಲ್ವಾ? ಮೈಸೂರಿನಲ್ಲಿ ಏಳು ಗಂಟೆಗೆ ಕತ್ತಲು. ಹಾಗಾಗಿ ನಾನು ಒಂದು ಟಾರ್ಚು, ಒಂದು ಮಫ್ಲರು, ಮಂಕಿ ಕ್ಯಾಪು ಎಲ್ಲ ಹಾಕಿಕೊಂಡು ನಾಲ್ಕು ಗಂಟೆಗೆ ಹೋದೆ. ಜೂನ್ ತಿಂಗಳು. ನೆತ್ತಿ ಸುಡುವ ಬಿಸಿಲು. ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ! ಕೌಂಟರಿನ ಹುಡುಗ ಟಾರ್ಚು ನೋಡಿದ, ನನ್ನ ಮುಖ ನೋಡಿದ, ಏನೂ ಕೇಳದೆ ರಸೀದಿ ಕೊಟ್ಟ.

ಒಬ್ಬನೇ ಬಂದವನನ್ನು ಅಲ್ಲಿ ಯಾರ ಜೊತೆಗಾದರೂ ಸೇರಿಸುತ್ತಾರೆ. ನನಗೆ ಸಿಕ್ಕವರು ಇಬ್ಬರು ನಿವೃತ್ತರು. ಒಬ್ಬರು ತೆಳ್ಳಗೆ ಎತ್ತರ, ಕೈಯಲ್ಲಿ ದೊಡ್ಡ ಗಡಿಯಾರ. ಇನ್ನೊಬ್ಬರು ಗುಂಡಗೆ, ಯಾವಾಗಲೂ ನಗು. ಮೊದಲ ಹೊಡೆತಕ್ಕೆ ಮುಂಚೆ ಅಭ್ಯಾಸಬಲದಿಂದ ನಾನು ಗುಂಡಗಿನವರ ಕಡೆ ತಿರುಗಿ, "ಇಲ್ಲಿಗೆ ಯಾವುದರಲ್ಲಿ ಹೊಡೀಬೇಕು?" ಎಂದು ಕೇಳಿಬಿಟ್ಟೆ. ಅವರು ಸಂಕೋಚದಿಂದ ಆಕಾಶ ನೋಡತೊಡಗಿದರು. ಆಟದಲ್ಲಿ ಸಲಹೆ ಕೇಳಬಹುದಾದದ್ದು ಸ್ವಂತ ಕ್ಯಾಡಿಯನ್ನು ಮಾತ್ರವಂತೆ. ಬೇರೆಯವರನ್ನು ಕೇಳಿದರೆ ಎರಡು ಹೊಡೆತ ದಂಡ. 14 ವರ್ಷ ನಾನು ಕೈ ಚಾಚಿದ್ದು, ಕ್ಯಾಡಿ ಕೊಟ್ಟದ್ದು, ನಾನು ಬೀಸಿದ್ದು, ಅಷ್ಟೆ. ಯಾವ ದೂರಕ್ಕೆ ಯಾವ ಕ್ಲಬ್ ಅಂತ ನನಗೆ ನಿಜವಾಗಿ ಗೊತ್ತೇ ಇಲ್ಲ ಅನ್ನುವುದು ಆ ಕ್ಷಣ ಹೊಳೆಯಿತು. ಇಬ್ಬರೂ ಒಳ್ಳೆಯವರು, ದಂಡ ಹಾಕಲಿಲ್ಲ.

ಹೊಡೆದೆ. ಚೆಂಡು ಬಲಕ್ಕೆ ತಿರುಗಿ, ನಾಯಿ ಕರೆದುಕೊಂಡು ಕಾಲುದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸಿನ ತಲೆಯ ಮೇಲಿಂದ ಹಾರಿ ಬೇಲಿಗೆ ಹೋಯಿತು. ಹುಷಾರ್ ಅನ್ನಲು ಗಾಲ್ಫಿನಲ್ಲಿ "ಫೋರ್" ಎಂದು ಕೂಗಬೇಕು. ನನ್ನ ಬಾಯಿಂದ ಬಂದದ್ದು "ಅಯ್ಯಯ್ಯೋ, ಸರೀರಮ್ಮಾ!" ಆಕೆ ಸರಿದರು. ಗಾಬರಿಗೆ ಭಾಷೆ ಬೇಕಾಗಿಲ್ಲ ನೋಡಿ.

"ಅನ್‌ಲಕ್ಕಿ" ಅಂದರು ಎತ್ತರದವರು.

ಈ ಒಂದು ಮಾತಿನ ಬಗ್ಗೆ ಹೇಳಲೇಬೇಕು. ಚೆಂಡು ಕೂದಲೆಳೆಯಲ್ಲಿ ತಪ್ಪಿದರೆ ಅದು ಅನ್‌ಲಕ್ಕಿ, ಸರಿ. ಬೇಲಿಗೆ ಹೋದರೂ ಅನ್‌ಲಕ್ಕಿ. ಚೆಂಡನ್ನು ಬಿಟ್ಟು ಬರೀ ನೆಲಕ್ಕೆ ಹೊಡೆದು ಮಂಕರಿಯಷ್ಟು ಮಣ್ಣು ಎದ್ದು ನನ್ನದೇ ಬಾಯಿಗೆ ಬಿದ್ದರೂ ಅನ್‌ಲಕ್ಕಿ. ನಮ್ಮ ಕಡೆಯಾದರೆ "ಏನ್ರೀ ಹಿಂಗಾ ಹೊಡೆಯೋದು?" ಅಂತ ಯಾರಾದರೂ ಬೈದು ಮನಸ್ಸು ಹಗುರ ಮಾಡುತ್ತಿದ್ದರು. ಇವರು ನನ್ನ ಅಜ್ಞಾನವನ್ನೆಲ್ಲ ವಿಧಿಯ ಲೆಕ್ಕಕ್ಕೆ ಬರೆಯುತ್ತಾ ಹೋದರು. ಹದಿನೆಂಟು ಹೋಲಿನಲ್ಲಿ ಎಷ್ಟು ಸಲ ಅನ್‌ಲಕ್ಕಿ ಆದೆ ಅಂತ ಲೆಕ್ಕ ಹಾಕಿದ್ದರೆ ಯಾವ ಜ್ಯೋತಿಷಿಯೂ ನನಗೆ ಶಾಂತಿ ಮಾಡಿಸಲು ಒಪ್ಪುತ್ತಿರಲಿಲ್ಲ.

ಕಳೆದ ಚೆಂಡು ಹುಡುಕಲು ಈಗ ಮೂರೇ ನಿಮಿಷ. 2019ಕ್ಕೆ ಮೊದಲು ಐದಿತ್ತು. ಎತ್ತರದವರ ಗಡಿಯಾರ ಇದ್ದದ್ದೇ ಅದಕ್ಕೆ. ಮೂವರೂ ಕೋಲು ಹಿಡಿದು ಮೊಣಕಾಲೆತ್ತರದ ಹುಲ್ಲು ಕೆದಕುತ್ತಿದ್ದೆವು. ಎಲೆ ಎತ್ತಿದರೆ ಎಲೆ, ಹುಲ್ಲು ಸರಿಸಿದರೆ ಹುಲ್ಲು. ಅಣಬೆಯನ್ನು ಎರಡು ಸಲ ಚೆಂಡು ಅಂದುಕೊಂಡೆ. ಮೂರು ನಿಮಿಷ ಮುಗಿಯಿತು, ದಂಡ ಕಟ್ಟಿ ಮೊದಲಿನ ಜಾಗಕ್ಕೆ ವಾಪಸ್ ನಡೆ. ಹತ್ತಿರದಲ್ಲೇ ರಾಬಿನ್ ಹುಡ್‌ನ ಶೇರ್‌ವುಡ್ ಕಾಡು. ಅವನು ಶ್ರೀಮಂತರಿಂದ ಕಿತ್ತು ಬಡವರಿಗೆ ಕೊಡುತ್ತಿದ್ದನಂತೆ. ಅವನ ಜಿಲ್ಲೆಯ ಓಕ್ ಮರಗಳಿಗೆ ಆ ನ್ಯಾಯ ತಿಳಿದಿಲ್ಲ, ಪಿಂಚಣಿದಾರನಿಂದಲೇ ಕಿತ್ತುಕೊಳ್ಳುತ್ತವೆ.

ಐದನೇ ಹೋಲಿನ ಪೊದೆಯಲ್ಲಿ ಬಗ್ಗಿ ನಿಂತಿದ್ದಾಗ ನನಗೆ ಒಂದು ಅನುಮಾನ ಬಂತು. ಮೂರು ಜನ ಮೂರು ನಿಮಿಷ ಹುಡುಕಿದರೂ ಸಿಗದ ಚೆಂಡು ನಮ್ಮ ಕ್ಯಾಡಿಗೆ ಅರ್ಧ ನಿಮಿಷಕ್ಕೆ ಸಿಗುತ್ತಿತ್ತಲ್ಲ, ಹೇಗೆ? ಅದೂ ಒಳ್ಳೆ ಹುಲ್ಲಿನ ಮೇಲೇ ಯಾಕೆ? ಆಮೇಲೆ ಇನ್ನೊಂದು ನೆನಪಾಯಿತು. ಅವನ ಖಾಕಿ ಪ್ಯಾಂಟಿನ ಬಲ ಜೇಬು ಯಾವಾಗಲೂ ಹರಿದಿರುತ್ತಿತ್ತು. ಪಾಪ ಅಂತ ಒಂದು ದಸರೆಗೆ ಹೊಸ ಪ್ಯಾಂಟು ಕೊಡಿಸಿದ್ದೆ. ಒಂದೇ ವಾರದಲ್ಲಿ ಅದರ ಬಲ ಜೇಬೂ ಹರಿದಿತ್ತು.

ಏಳನೇ ಹೋಲಿಗೆ ಬಂದೆವು. ಗ್ರೀನು, ಅಂದರೆ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲು, ದಿಬ್ಬದ ಮೇಲೆ; ಕೆಳಗೆ ಕೊಳ. ನಾನು ನಾಲ್ಕು ಪೌಂಡ್ ಬಾಡಿಗೆ ಕೊಟ್ಟು ಒಂದು ತಳ್ಳುವ ಟ್ರಾಲಿ ತಂದಿದ್ದೆ. ಅದಕ್ಕೆ ಬ್ರೇಕ್ ಅನ್ನುವುದು ಇರುತ್ತದೆ ಅಂತ ನನಗೇನು ಗೊತ್ತು? ನಮ್ಮ ಕ್ಯಾಡಿಗೆ ಬ್ರೇಕ್ ಇಲ್ಲ, ನಿಂತರೆ ನಿಲ್ಲುತ್ತಾನೆ. ನಾನು ಬಗ್ಗಿ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಮೆಲ್ಲನೆ ಹೊಡೆತ) ಹೊಡೆಯಲು ಲೆಕ್ಕ ಹಾಕುತ್ತಿದ್ದಾಗ ಹಿಂದೆ ಕಿರ್ ಎಂದು ಸಣ್ಣ ಸದ್ದು. ತಿರುಗಿದೆ. ಟ್ರಾಲಿ, ಮದುವೆ ಮನೆಯಿಂದ ಹೇಳದೆ ಹೊರಟ ನೆಂಟರ ಹಾಗೆ, ನಿಧಾನವಾಗಿ ಇಳಿಜಾರಿನಲ್ಲಿ ಹೋಗುತ್ತಿತ್ತು. ಮೊದಲು ಯಾರಿಗೂ ಗಾಬರಿಯಾಗಲಿಲ್ಲ. ಅಷ್ಟು ಮರ್ಯಾದೆಯಿಂದ ಹೋಗುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ಚಕ್ರ ಕಲ್ಲಿಗೆ ತಾಗಿ ಮುಖ ನೇರ ಕೊಳದ ಕಡೆಗಾಯಿತು. ಆಮೇಲೆ ಓಟ. ನಾನೂ ಓಡಿದೆ. ದಡದಲ್ಲಿದ್ದ ಬಾತುಗಳು ಎರಡು ಸಾಲಾಗಿ ಸರಿದು ದಾರಿ ಬಿಟ್ಟವು. ಟ್ರಾಲಿ ನೀರಿಗೆ ಇಳಿದು, ಸೊಂಟದವರೆಗೆ ಹೋಗಿ, ನಿಂತು, ಯೋಚಿಸಿ, ಪಕ್ಕಕ್ಕೆ ಮಲಗಿತು.

ಮೇಲಿಂದ ಧ್ವನಿ ಬಂತು, "ಅನ್‌ಲಕ್ಕಿ!"

ಶೂ ಬಿಚ್ಚಿ, ಪ್ಯಾಂಟು ಮೊಣಕಾಲಿಗೆ ಮಡಚಿ, ನಾಟಿ ಮಾಡಲು ಗದ್ದೆಗೆ ಇಳಿಯುವವನ ಹಾಗೆ ಇಳಿದೆ. ಜೂನ್ ತಿಂಗಳಲ್ಲೂ ನೀರು ಐಸು. ಜೇಡಿಮಣ್ಣು ಕಾಲು ಹಿಡಿದುಕೊಂಡು ಬಿಡುವುದಿಲ್ಲ ಅನ್ನುತ್ತದೆ. ಟ್ರಾಲಿ ಎಳೆಯುವಾಗ ಕಾಲಡಿ ಏನೋ ಗುಂಡಗೆ ಸಿಕ್ಕಿತು. ಚೆಂಡು! ಪಕ್ಕದಲ್ಲಿ ಇನ್ನೊಂದು. ಒಟ್ಟು ಆರು ತೆಗೆದೆ. ಒಂದೂ ನನ್ನದಲ್ಲ, ಆದರೂ ಆ ದಿನ ಮೊದಲ ಸಲ ನನ್ನ ಲೆಕ್ಕ ಜಮಾ ಕಡೆಗೆ ತಿರುಗಿತು.

ಚೀಲದಲ್ಲಿದ್ದ ಚಿತ್ರಾನ್ನದ ಡಬ್ಬಿ ಮಾತ್ರ ಕೊಳದ ನಡುವೆ ತೇಲುತ್ತಿತ್ತು. ನನ್ನ ಹೆಂಡತಿ ಐಸ್‌ಕ್ರೀಂ ಡಬ್ಬಿ ಎಸೆಯುವವಳಲ್ಲ. ಅವಳು ಒತ್ತಿ ಮುಚ್ಚಿದ ಮುಚ್ಚಳ ಬಾತುಕೋಳಿ ಕುಕ್ಕಿದರೂ ಬಿಚ್ಚಲಿಲ್ಲ. ಗುಂಡಗಿನವರು ಬಂಕರಿನ ಮರಳು ಸಮ ಮಾಡುವ ಉದ್ದ ಕುಂಟೆ ತಂದು ಅದನ್ನು ದಡಕ್ಕೆ ಎಳೆದುಕೊಟ್ಟರು. ಎಳೆದುಕೊಟ್ಟವರಿಗೆ ತಿನ್ನಿಸದೆ ಇರಲಾಗುತ್ತದೆಯೇ? ಮೂವರೂ ಬೆಂಚಿನ ಮೇಲೆ ಕೂತೆವು. ಎತ್ತರದವರು ಒಂದು ಕಥೆ ಹೇಳಿದರು. 1940ರಲ್ಲಿ ಲಂಡನ್ ಮೇಲೆ ಜರ್ಮನ್ ಬಾಂಬು ಬೀಳುತ್ತಿದ್ದಾಗ, ಅಲ್ಲಿನ ರಿಚ್ಮಂಡ್ ಗಾಲ್ಫ್ ಕ್ಲಬ್ಬು ಆಟ ನಿಲ್ಲಿಸಲಿಲ್ಲವಂತೆ. ತಾತ್ಕಾಲಿಕ ನಿಯಮ ಬರೆದು ಅಂಟಿಸಿತಂತೆ. ಹೊಡೆಯುವ ಕ್ಷಣದಲ್ಲೇ ಬಾಂಬು ಸಿಡಿದು ಏಕಾಗ್ರತೆ ಕೆಟ್ಟರೆ ಅದೇ ಜಾಗದಿಂದ ಇನ್ನೊಂದು ಚೆಂಡು ಹೊಡೆಯಬಹುದು. ಆದರೆ ಒಂದು ಹೊಡೆತ ದಂಡ! ಬಾಂಬಿಗೂ ದಂಡ ಹಾಕಿದ ಜನ ಇವರು, ನನ್ನ ಟ್ರಾಲಿಗೆ ಹಾಕದೆ ಬಿಟ್ಟದ್ದು ಚಿತ್ರಾನ್ನದ ಪ್ರಭಾವ ಅಂತಲೇ ನನ್ನ ನಂಬಿಕೆ.

ಅಷ್ಟರಲ್ಲಿ ಗುಂಡಗಿನವರು ಚಿತ್ರಾನ್ನದಲ್ಲಿದ್ದ ಹಸಿಮೆಣಸಿನಕಾಯಿಯನ್ನು ಬೀನ್ಸ್ ಅಂದುಕೊಂಡು ಇಡಿಯಾಗಿ ಅಗಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ನಾನು ನೀರಿನ ಬಾಟಲಿ ಕೊಟ್ಟು ಬಹಳ ಗಂಭೀರವಾಗಿ ಹೇಳಿದೆ, "ಅನ್‌ಲಕ್ಕಿ."

ಆ ದಿನದ ಸ್ಕೋರು ಸ್ಟೇಬಲ್‌ಫೋರ್ಡ್ ಲೆಕ್ಕದಲ್ಲಿ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಡಾಕ್ಟರು 1932ರಲ್ಲಿ ವಾಲಸಿ ಕ್ಲಬ್ಬಿನಲ್ಲಿ ಜಾರಿಗೆ ತಂದ ಪದ್ಧತಿ ಇದು. ಹೋಲಿಗೆ ಇಷ್ಟು ಅಂತ ಪಾಯಿಂಟ್ ಕೊಡುತ್ತಾರೆ, ಒಂದು ಹೋಲಿನಲ್ಲಿ ಎಷ್ಟೇ ಕೆಟ್ಟದಾಗಿ ಆಡಿದರೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಪುಣ್ಯಾತ್ಮ! ಅವರವರ ಹ್ಯಾಂಡಿಕ್ಯಾಪಿಗೆ ತಕ್ಕಂತೆ ಆಡಿದರೆ 36 ಪಾಯಿಂಟ್ ಬರಬೇಕು. ನನಗೆ 13 ಬಂತು. ಎತ್ತರದವರು ಕಾರ್ಡು ನೋಡಿ, "ನಿಮ್ಮ ಹ್ಯಾಂಡಿಕ್ಯಾಪ್ 22 ಅಂದ್ರಲ್ಲಾ?" ಅಂದರು. ಈ ಸಲ ಅನ್‌ಲಕ್ಕಿ ಅನ್ನಲಿಲ್ಲ.

ಮನೆಗೆ ಹೋದಾಗ ಹೆಂಡತಿ ಕೇಳಿದ್ದು ಒಂದೇ, "ಡಬ್ಬಿ ತಂದ್ರಾ?"

ಆಮೇಲೆ ಬೇರೆ ಬೇರೆ ಕಡೆ ಆಡಿದೆ. ನಾಟಿಂಗ್‌ಹ್ಯಾಮ್‌ನದೇ ವೊಲಾಟನ್ ಪಾರ್ಕಿಗೂ ಹೋದೆ. 1580ರ ದಶಕದ ಬಂಗಲೆ, ಸುತ್ತ ಗಾಲ್ಫ್, ಫೇರ್‌ವೇ ಎಂಬ ಆಟದ ಹಾದಿಯ ಮೇಲೆ ನಿಜವಾದ ಜಿಂಕೆಗಳು. ಒಂದು ಕೊಂಬಿನ ಜಿಂಕೆ ನನ್ನ ಚೆಂಡಿಗೆ ಎರಡು ಮಾರು ದೂರದಲ್ಲಿ ಮಲಗಿ ಮೆಲುಕು ಹಾಕುತ್ತಾ ಇತ್ತು. ನಾನು ಕ್ಲಬ್ ಎತ್ತಿದರೂ ಏಳಲಿಲ್ಲ. ನನ್ನ ಆಟದ ಬಗ್ಗೆ ಮೊದಲೇ ಕೇಳಿರಬೇಕು, ಚೆಂಡಿನ ಪಕ್ಕವೇ ಎಲ್ಲಕ್ಕಿಂತ ಸುರಕ್ಷಿತ ಜಾಗ ಅಂತ ಅದಕ್ಕೆ ಗೊತ್ತಿತ್ತು.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಸಂಜೆಯ ಆಟವಾದರೆ ಮೈಸೂರಿನಲ್ಲಿ ಮಧ್ಯರಾತ್ರಿ. ಆದರೆ ಇಲ್ಲಿ ಬೆಳಿಗ್ಗೆ ಆರೂವರೆ ಅಂದರೆ ಅಲ್ಲಿ ಹನ್ನೊಂದು, ಕ್ಯಾಡಿಗಳು ಮರದ ಕೆಳಗೆ ಟೀ ಕುಡಿಯುವ ಹೊತ್ತು. ಮುಂಜಾನೆಗೂ ಕಡಿಮೆ ರೇಟು ಇದೆ. ಹಾಗೆ ಒಬ್ಬನೇ ಹೋಗಿ, ಒಂದು ಗ್ರೀನಿನ ಮೇಲೆ ನಿಂತು, ಎಂಟು ಅಡಿ ಪಟ್ ಉಳಿದಿದ್ದಾಗ ವಿಡಿಯೋ ಕಾಲ್ ಮಾಡಿದೆ.

"ನಮಸ್ಕಾರ ಸಾ! ಏನ್ ಸಾ, ಮಂಕಿ ಟೋಪಿ!"

"ಅದಿರಲಿ, ಮೊದಲು ಒಂದು ನಿಜ ಹೇಳು. ಅಲ್ಲಿ ನನ್ನ ಚೆಂಡು ದಿನಾ ಹುಡುಕಿ ಕೊಡ್ತಿದ್ದೆಯಲ್ಲ, ಅದೆಲ್ಲಾ ನನ್ನದೇನಾ?"

"ಕೇಳುಸ್ತಿಲ್ಲ ಸಾ. ಕಟ್ ಆಯ್ತಾ ಅದೆ ಸಾ."

"ಸರಿ, ಈ ಪಟ್ ಎತ್ತ ತಿರುಗುತ್ತೆ ನೋಡು."

ಈಗ ಚೆನ್ನಾಗಿ ಕೇಳಿಸಿತು. ಫೋನು ಕೆಳಗಿಡಿ ಅಂದ. ಇನ್ನೂ ಕೆಳಗೆ ಅಂದ. ನಾನು ಒದ್ದೆ ಹುಲ್ಲಿನ ಮೇಲೆ ಹೊಟ್ಟೆ ಊರಿ ಮಲಗಿ ಫೋನನ್ನು ಚೆಂಡಿನ ಹಿಂದೆ ಹಿಡಿದೆ. ಅವನು ತುಂಬ ಹೊತ್ತು ನೋಡಿದ. ಹಿಂದಿನಿಂದ ಇನ್ನೂ ಇಬ್ಬರು ಕ್ಯಾಡಿಗಳು ಬಗ್ಗಿ ನೋಡಿದರು.

"ಬೆಟ್ಟ ಯಾವ್ ಕಡೆ ಸಾ?"

ಮೈಸೂರಿನ ಗ್ರೀನಿನಲ್ಲಿ ಅವನ ಲೆಕ್ಕವೆಲ್ಲ ಚಾಮುಂಡಿ ಬೆಟ್ಟದಿಂದಲೇ ಶುರು. ಕಣ್ಣಿಗೆ ಹೇಗೆ ಕಂಡರೂ ಚೆಂಡು ಬೆಟ್ಟಕ್ಕೆ ಬೆನ್ನು ಮಾಡಿ ಹೋಗುತ್ತದೆ ಅನ್ನುತ್ತಿದ್ದ. ನಾನು ಎದ್ದು ಫೋನು ಸುತ್ತ ತಿರುಗಿಸಿ ತೋರಿಸಿದೆ. ಓಕ್ ಮರ, ಮಂಜು, ಕ್ಲಬ್ಬಿನ ಚಿಮಣಿ, ಮತ್ತೆ ಓಕ್ ಮರ.

"ಇಲ್ಲಿ ಬೆಟ್ಟ ಇಲ್ಲ ಕಣಪ್ಪಾ."

ಆ ಕಡೆ ಮೂವರೂ ಸುಮ್ಮನಾದರು. ಯಾರೋ ಟೀ ಸೊರ್ ಎಂದು ಕುಡಿದದ್ದು ಕೇಳಿಸಿತು.

"ಬೆಟ್ಟಾನೇ ಇಲ್ದೆ ಅವ್ರು ಹೆಂಗ್ ಸಾ ಆಡ್ತಾರೆ?"