ಅಲ್ಲಿ ಪರಿಚಯದವರು, ಇಲ್ಲಿ ಅರ್ಜಿ

ಹಾಸನದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರ ಮಗನಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದಿತ್ತು. ಜಾತಕ ಕೂಡಿಬಂದಿತ್ತು, ಹುಡುಗಿಯ ಮನೆಯವರು ಬಂದು ಹೋಗಿದ್ದರು, ನಿಶ್ಚಿತಾರ್ಥಕ್ಕೆ ದಿನ ನೋಡುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ಹುಡುಗಿಯ ಸೋದರಮಾವ ಮೊಬೈಲಿನಲ್ಲಿ ನಮ್ಮ ಹುಡುಗನ ಹೆಸರನ್ನೂ ಊರನ್ನೂ ಹಾಕಿ ಹುಡುಕಿದ್ದಾರೆ. ಎಲ್ಲಕ್ಕಿಂತ ಮೇಲೆ ಕಂಡದ್ದು ಕಾಲೇಜು ದಿನಗಳ ಒಂದು ಹೊಡೆದಾಟದ ಸುದ್ದಿ. ಬಂಧಿತರ ಪಟ್ಟಿಯಲ್ಲಿ ಇವನ ಹೆಸರೂ ಇತ್ತು. ನ್ಯಾಯಾಲಯ ಅವನನ್ನು ದೋಷಮುಕ್ತನೆಂದು ಬಿಡುಗಡೆ ಮಾಡಿ ವರ್ಷಗಳೇ ಕಳೆದಿವೆ. ಆದರೆ ಬಂಧನವನ್ನು ಬರೆದ ಸುದ್ದಿತಾಣ ಬಿಡುಗಡೆಯನ್ನು ಬರೆಯಲಿಲ್ಲ. ಎಲ್ಲ ಹೇಳಿ ಮುಗಿಸಿದ ಮೇಲೆ ಚಿಕ್ಕಮ್ಮ ಕೇಳಿದರು: "ನೀನು ಜರ್ಮನಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರೋನು, ಆ ಹುಡುಕೋ ಕಂಪನಿಯಲ್ಲಿ ನಿನಗೆ ಪರಿಚಯದೋರು ಯಾರಾದ್ರೂ ಇದ್ದಾರೇನಪ್ಪಾ?"

ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು, ಏಕೆಂದರೆ ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ತಂದೆಗೂ ಇಂಥದೇ ತೊಂದರೆ ಬಂದಿತ್ತು. ಅವರ ಬಟ್ಟೆ ಅಂಗಡಿ ದಿವಾಳಿಯಾಗಿ, ಸಾಲವೆಲ್ಲ ತೀರಿದ ಮೇಲೂ ಹೆಸರು ಹುಡುಕಿದರೆ ಆ ದಿವಾಳಿಯ ಸುದ್ದಿಯೇ ಮೊದಲು ಬರುತ್ತಿತ್ತು. ಅವರು ಪರಿಚಯದವರನ್ನು ಹುಡುಕಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕುಳಿತು ಹುಡುಕಾಟದ ಕಂಪನಿಗೆ ಒಂದು ಅರ್ಜಿ ತುಂಬಿದರು. ಯಾವ ದೇಶದವರು, ಯಾವ ಹೆಸರಿನಿಂದ ಹುಡುಕಿದಾಗ ಇದು ಬರುತ್ತದೆ, ಕೊಂಡಿ (ಲಿಂಕ್) ಯಾವುದು, ಅದನ್ನು ಏಕೆ ತೆಗೆಯಬೇಕು: ಅದು ಕೇಳುವುದು ಹೆಚ್ಚುಕಡಿಮೆ ಇಷ್ಟೇ. ಒಂದು ತಿಂಗಳೊಳಗೆ ಉತ್ತರ ಕೊಡಬೇಕೆಂಬುದು ಯುರೋಪಿನ ದತ್ತಾಂಶ ಕಾನೂನಿನ ಸಾಮಾನ್ಯ ನಿಯಮ. ಕಂಪನಿ ಒಪ್ಪದಿದ್ದರೆ ದತ್ತಾಂಶ ರಕ್ಷಣೆಯ ಸರ್ಕಾರಿ ಕಚೇರಿಗೆ ದೂರು ಕೊಡಬಹುದು. ಅವರ ಕೊಂಡಿ ಹೋಯಿತು. ಪತ್ರಿಕೆಯ ಸಂಗ್ರಹದಲ್ಲಿ ಸುದ್ದಿ ಹಾಗೆಯೇ ಇದೆ. ಹೆಸರು ಹಾಕಿದ ಕೂಡಲೇ ಮುಖಕ್ಕೆ ರಾಚುವುದು ಮಾತ್ರ ನಿಂತಿದೆ.

ಹೆಸರಿನ ಹುಡುಕಾಟದಿಂದ ಹಳೆಯ ಕೊಂಡಿಯನ್ನು ತೆಗೆಸುವ ಈ ಹಕ್ಕು ಯುರೋಪಿನವರಿಗೆ ದೊಡ್ಡವರ ಹೋರಾಟದಿಂದ ಬಂದದ್ದಲ್ಲ. ಮಾರಿಯೊ ಕೊಸ್ತೆಹಾ ಗೊನ್ಸಾಲೆಸ್ ಎಂಬ ಸ್ಪೇನಿನ ಒಬ್ಬ ಸಾಮಾನ್ಯ ನಾಗರಿಕನ ಸಾಮಾಜಿಕ ಭದ್ರತೆಯ ಬಾಕಿಗಾಗಿ ಆಸ್ತಿ ಹರಾಜಾಗುವುದೆಂದು 1998ರಲ್ಲಿ ಲಾ ವಾನ್‌ಗ್ವಾರ್ದಿಯಾ ಪತ್ರಿಕೆಯಲ್ಲಿ ಬಂದಿದ್ದ ಪುಟ್ಟ ಪ್ರಕಟಣೆ, ಬಾಕಿ ತೀರಿ ವರ್ಷಗಳಾದರೂ ಗೂಗಲ್‌ನಲ್ಲಿ ಅವರ ಹೆಸರಿಗೆ ಅಂಟಿಕೊಂಡಿತ್ತು. ಅವರು ದೂರು ಕೊಟ್ಟರು. 2014ರ ಮೇ 13ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಪತ್ರಿಕೆಯ ಪುಟ ಕಾನೂನುಬದ್ಧವಾಗಿಯೇ ಉಳಿಯಬಹುದು, ಆದರೆ ಚದುರಿಹೋದ ಸಂಗತಿಗಳನ್ನು ಒಬ್ಬ ಮನುಷ್ಯನ ಹೆಸರಿನ ಕೆಳಗೆ ಒಟ್ಟುಗೂಡಿಸಿ ತೋರಿಸುವುದು ಹುಡುಕಾಟದ ಕಂಪನಿಯದೇ ಕೆಲಸ, ಆದ್ದರಿಂದ ಆ ಕೆಲಸಕ್ಕೆ ಅದೇ ಹೊಣೆ ಎಂಬುದು ತೀರ್ಪಿನ ತಿರುಳು. ಅದಕ್ಕೂ ಒಂದು ವರ್ಷ ಮೊದಲೇ ಜರ್ಮನಿಯ ಉನ್ನತ ನ್ಯಾಯಾಲಯ ಇಂಥದೇ ಮಾತು ಹೇಳಿತ್ತು. ಉದ್ಯಮಿಯೊಬ್ಬರ ಹೆಸರು ಟೈಪ್ ಮಾಡುತ್ತಿದ್ದಂತೆ ಗೂಗಲ್ ತಾನಾಗಿಯೇ ಮುಂದೆ 'ವಂಚನೆ' ಎಂಬ ಪದವನ್ನು ಸೂಚಿಸುತ್ತಿತ್ತು. ಜನ ಹಾಗೆ ಹುಡುಕುತ್ತಾರೆ, ನಾವೇನು ಮಾಡೋಣ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸೂಚಿಸುವುದು ನಿಮ್ಮ ಯಂತ್ರ, ತಪ್ಪೆಂದು ತಿಳಿಸಿದ ಮೇಲೂ ಸುಮ್ಮನಿದ್ದರೆ ಹೊಣೆ ನಿಮ್ಮದೇ ಎಂದಿತು.

ನಮ್ಮಲ್ಲಿ ಇದೇ ಕಂಪನಿಯನ್ನು ನಾವು ಹೇಗೆ ಬಗ್ಗಿಸಿದೆವೆಂಬುದು ಎಲ್ಲರಿಗೂ ನೆನಪಿದೆ. 2021ರ ಜೂನ್ 3ರಂದು, ಭಾರತದ ಅತ್ಯಂತ ಕೊಳಕು ಭಾಷೆ ಯಾವುದೆಂದು ಕೇಳಿದರೆ ಗೂಗಲ್ ಕನ್ನಡವನ್ನು ತೋರಿಸುತ್ತಿದೆ ಎಂದು ನಾಡೆಲ್ಲ ಕೆರಳಿತು. ಯಾರೂ ಓದದ ಯಾವುದೋ ತಾಣದಲ್ಲಿದ್ದ ಒಂದು ಸಾಲನ್ನು ಆ ಯಂತ್ರ ಎತ್ತಿ, ಪೆಟ್ಟಿಗೆಯೊಳಗಿಟ್ಟು, ಪುಟದ ತಲೆಯ ಮೇಲೆ ಉತ್ತರವೆಂಬಂತೆ ಕೂರಿಸಿತ್ತು. ಆಗ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಗೂಗಲ್ ಆ ಸಾಲನ್ನು ತೆಗೆದು ಕ್ಷಮೆ ಕೇಳಿತು. ನನಗೂ ಆ ದಿನ ಸಂಕಟವಾಗಿತ್ತು, ಕ್ಷಮೆ ಕೇಳಿದಾಗ ಹೆಮ್ಮೆಯೂ ಆಗಿತ್ತು. ಆದರೆ ಚಿಕ್ಕಮ್ಮನ ಫೋನ್ ಬಂದ ಮೇಲೆ ಆ ಹೆಮ್ಮೆ ಉಳಿದಿಲ್ಲ. ನುಡಿಗೆ ಅವಮಾನವಾದಾಗ ಮಂತ್ರಿಗಳಿದ್ದರು, ಸಂಘಟನೆಗಳಿದ್ದವು, ಕೋಟ್ಯಂತರ ಜನರಿದ್ದರು. ಹಾಸನದ ಒಬ್ಬ ಹುಡುಗನಿಗಾದ ಅನ್ಯಾಯಕ್ಕೆ ಅಂಥ ಗದ್ದಲ ಎಬ್ಬಿಸಿಕೊಡುವವರು ಯಾರು? ಗದ್ದಲ ಎಬ್ಬಿಸಬಲ್ಲವರಿಗೆ ನ್ಯಾಯ, ಉಳಿದವರಿಗೆ ಪರಿಚಯದವರು ಎಂಬ ಈ ರೂಢಿಯನ್ನು ನಾವು ಪಂಚಾಯಿತಿ ಕಚೇರಿಯಿಂದ ಆಸ್ಪತ್ರೆಯವರೆಗೆ ಸಹಿಸಿಕೊಂಡು ಬಂದಿದ್ದೇವೆ; ಈಗ ಅದನ್ನೇ ಅಂತರ್ಜಾಲಕ್ಕೂ ಒಯ್ದಿದ್ದೇವೆ. ಊರಿನ ಮೇಲೆ ನನಗೆ ಸಿಟ್ಟು ಬರುವುದು ಇಂಥಲ್ಲಿ.

ಆ ಸಿಟ್ಟಿನಲ್ಲೂ ಒಪ್ಪಿಕೊಳ್ಳಲೇಬೇಕಾದ ಒಂದು ಸಂಗತಿಯಿದೆ. 2017ರ ಜನವರಿಯಲ್ಲಿ, ದೇಶದಲ್ಲಿ ಇದಕ್ಕೆಂದು ಯಾವ ಕಾನೂನೂ ಇಲ್ಲದಿದ್ದಾಗ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ಒಬ್ಬ ತಂದೆಯ ಮೊರೆಯನ್ನು ಆಲಿಸಿ, ಅಂತರ್ಜಾಲದಲ್ಲಿ ಹುಡುಕಿದಾಗ ಆತನ ಮಗಳ ಹೆಸರು ಹಳೆಯ ಪ್ರಕರಣದ ಆದೇಶದಲ್ಲಿ ಕಾಣದಂತೆ ನೋಡಿಕೊಳ್ಳಬೇಕೆಂದು ನ್ಯಾಯಾಲಯದ ರಿಜಿಸ್ಟ್ರಿಗೆ ಸೂಚಿಸಿದರು. ಮಹಿಳೆಯರ ಮಾನ ಮರ್ಯಾದೆಗೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಲ್ಲಿ ಪಶ್ಚಿಮದ ದೇಶಗಳು ಒಪ್ಪಿರುವ ಈ ಹಕ್ಕನ್ನು ಅವರು ಆದೇಶದಲ್ಲೇ ಉಲ್ಲೇಖಿಸಿದರು. ಆದರೆ ಅದು ಹೈಕೋರ್ಟಿನ ಬಾಗಿಲವರೆಗೆ ಹೋಗಬಲ್ಲ ತಂದೆಗೆ ಸಿಕ್ಕ ಪರಿಹಾರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಾವೇ ಒಪ್ಪಿ ಕೊಟ್ಟ ಮಾಹಿತಿಯನ್ನು ಅಳಿಸಿ ಎಂದು ಕೇಳಲು ಅವಕಾಶವಿದೆ. ಹುಡುಕಾಟದ ಪುಟದಿಂದ ಹಳೆಯ ಸುದ್ದಿಯನ್ನು ಬಿಡಿಸಿಕೊಳ್ಳುವ ದಾರಿಯನ್ನು ಅದು ಹೇಳುವುದಿಲ್ಲ.

ಇಲ್ಲಿನ, ಯುರೋಪಿನ ವ್ಯವಸ್ಥೆಯೂ ನಿರ್ದೋಷವಲ್ಲ. ಅರ್ಜಿಯನ್ನು ಮೊದಲು ತೂಗಿ ನೋಡುವುದು ಆ ಕಂಪನಿಯೇ. ಯಾರ ಅಧಿಕಾರಕ್ಕೆ ಕಡಿವಾಣ ಹಾಕಬೇಕಿತ್ತೋ ಅವರ ಕೈಗೇ ನ್ಯಾಯಾಧೀಶರ ಕೆಲಸ ಹೋಗಿದೆ. ಸಾರ್ವಜನಿಕ ಜೀವನದಲ್ಲಿರುವವರಿಗೆ ಈ ಹಕ್ಕು ಸುಲಭವಾಗಿ ಸಿಗಬಾರದೆಂದು 2014ರ ತೀರ್ಪು ಎಚ್ಚರಿಸಿದೆ; ಆದರೂ ಇಂಥ ಕಾನೂನು ನಮ್ಮಲ್ಲಿ ಬಂದರೆ, ವಕೀಲರ ಪಡೆಯನ್ನೇ ಇಟ್ಟುಕೊಂಡಿರುವ ಪುಢಾರಿಗಳು ಮತ್ತು ಗುತ್ತಿಗೆದಾರರು ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ, ಅವರ ಹಗರಣಗಳನ್ನು ಕಷ್ಟಪಟ್ಟು ಬರೆದ ತಾಲ್ಲೂಕು ವರದಿಗಾರನ ಸುದ್ದಿಯೇ ಮೊದಲು ಮರೆಯಾಗುತ್ತದೆ ಎಂಬ ಭಯ ನನಗೂ ಇದೆ. 2019ರ ಸೆಪ್ಟೆಂಬರಿನಲ್ಲಿ ಅದೇ ಯುರೋಪಿನ ನ್ಯಾಯಾಲಯ, ಹೀಗೆ ಕೊಂಡಿ ತೆಗೆಯುವ ಕರ್ತವ್ಯ ಒಕ್ಕೂಟದ ದೇಶಗಳಿಗಷ್ಟೇ ಸೀಮಿತ, ಜಗತ್ತಿಗೆಲ್ಲ ಅನ್ವಯಿಸಬೇಕಿಲ್ಲ ಎಂದಿದೆ. ಹಾಗಾಗಿ ನನ್ನ ಸಹೋದ್ಯೋಗಿಯ ತಂದೆಯ ದಿವಾಳಿ ಸುದ್ದಿ ಸ್ಟುಟ್‌ಗಾರ್ಟ್‌ನಲ್ಲಿ ಕಾಣದಿದ್ದರೂ ಹಾಸನದಲ್ಲಿ ಕುಳಿತು ಹುಡುಕಿದರೆ ಕಾಣಬಹುದು, ಮತ್ತು ಯುರೋಪಿನ ಅರ್ಜಿಯಿಂದ ನಮ್ಮ ಹುಡುಗನಿಗೆ ಯಾವ ಉಪಯೋಗವೂ ಇಲ್ಲ.

ಆ ಅರ್ಜಿ ನಮ್ಮ ನೆಲದಲ್ಲೇ ಹುಟ್ಟಬೇಕು. ಅದನ್ನು ಕನ್ನಡದಲ್ಲಿ ತುಂಬಲು ಬರಬೇಕು. ಖುಲಾಸೆಯ ಆದೇಶದ ಪ್ರತಿ ಲಗತ್ತಿಸಿದರೆ ಸಾಕಾಗಬೇಕು. ಕಂಪನಿ ಒಪ್ಪದಿದ್ದಾಗ ಮೇಲ್ಮನವಿ ಕೇಳುವ ಅಧಿಕಾರಿ ಬೆಂಗಳೂರಿನಲ್ಲೇ ಇರಬೇಕು. ದತ್ತಾಂಶ ಕಾಯ್ದೆಗೆ ತಿದ್ದುಪಡಿ ತರುವ ಮಾತು ದೆಹಲಿಯಲ್ಲಿ ಎದ್ದಾಗ, ಲೋಕಸಭೆಗೆ ನಾವು ಕಳಿಸಿದ 28 ಜನರಲ್ಲಿ ಒಬ್ಬರಾದರೂ 2017ರ ಆ ಹೈಕೋರ್ಟ್ ಆದೇಶವನ್ನು ಓದಿಕೊಂಡು ಸದನಕ್ಕೆ ಹೋಗಲಿ ಎಂಬುದು ನನ್ನ ಕೋರಿಕೆ.