62ನೇ ನಿಮಿಷದ ಫಲಕ

ನಿನ್ನೆ ರಾತ್ರಿ ನಮ್ಮ ಫುಟ್‌ಬಾಲ್ ತಂಡ ಮತ್ತೊಮ್ಮೆ ಒಂದು ಗೋಲಿನಿಂದ ಸೋತಿತು. ಸೋಲಿನ ಬಗ್ಗೆ ಬರೆಯಲು ನಾನು ಕುಳಿತಿಲ್ಲ. ಅದು ಈ ಋತುವಿನಲ್ಲಿ ನಮಗೆ ರೂಢಿಯಾಗಿ ಹೋಗಿದೆ. ನನ್ನ ಪಿತ್ತ ನೆತ್ತಿಗೇರಿದ್ದು 62ನೇ ನಿಮಿಷದಲ್ಲಿ, ಮೈದಾನದ ಅಂಚಿನಲ್ಲಿ ಬದಲಿ ಆಟಗಾರರ ಸಂಖ್ಯೆ ತೋರಿಸುವ ಆ ಫಲಕ ಮೇಲೆದ್ದಾಗ. ಕೆಂಪು ಬಣ್ಣದಲ್ಲಿ 9, ಹಸಿರಿನಲ್ಲಿ 19. ಒಬ್ಬ ಸ್ಟ್ರೈಕರ್ ತಲೆ ತಗ್ಗಿಸಿಕೊಂಡು ಹೊರನಡೆದ, ಇನ್ನೊಬ್ಬ ಅವನ ಅಂಗೈ ತಟ್ಟಿ ಒಳಗೆ ಓಡಿದ. ಗೋಲಿಗಾಗಿ ಹಪಹಪಿಸುತ್ತಿರುವ ತಂಡವೊಂದು, ಗೋಲು ಹೊಡೆಯುವುದೇ ಕಸುಬಾಗಿರುವ ಇಬ್ಬರನ್ನು ಸಾಕಿಕೊಂಡು, ಅವರಿಬ್ಬರೂ ಒಂದೇ ಹೊತ್ತಿನಲ್ಲಿ ಮೈದಾನದಲ್ಲಿ ಇರದಂತೆ ಇಷ್ಟೊಂದು ಎಚ್ಚರ ವಹಿಸುವುದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಪಂದ್ಯ ಮುಗಿಯುವುದರೊಳಗೆ ನಮ್ಮ ಗೆಳೆಯರ ಗುಂಪಿನಲ್ಲಿ ಎಂದಿನ ಜಗಳ ಶುರುವಾಗಿತ್ತು. ಒಂಬತ್ತರ ಪಕ್ಷದವರು ಹತ್ತೊಂಬತ್ತಕ್ಕೆ ಕಾಲಲ್ಲಿ ವೇಗವಿಲ್ಲ ಎಂದರು. ಹತ್ತೊಂಬತ್ತರ ಪಕ್ಷದವರು ಒಂಬತ್ತಕ್ಕೆ ಚೆಂಡು ನಿಲ್ಲಿಸಲು ಬರುವುದಿಲ್ಲ ಎಂದರು. ಮುಂದಿನ ವಾರ ಕೋಚ್ ಹತ್ತೊಂಬತ್ತನ್ನು ಮೊದಲು ಇಳಿಸಿ 62ನೇ ನಿಮಿಷದಲ್ಲಿ ಒಂಬತ್ತನ್ನು ತರುತ್ತಾರೆ, ಆಗ ಎರಡೂ ಪಕ್ಷದವರು ತಮ್ಮ ಹಳೆಯ ಮಾತುಗಳನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ. ಯಾರು ಆಡಬೇಕು ಎಂಬುದರ ಮೇಲೆ ಇಷ್ಟು ರಕ್ತ ಕುದಿಸಿಕೊಳ್ಳುವವರಲ್ಲಿ ಒಬ್ಬರಾದರೂ, ಅಲ್ಲಿ ನಿಂತವನಿಗೆ ಚೆಂಡು ಹೇಗೆ ತಲುಪಬೇಕು ಎಂದು ಕೇಳಿದ್ದನ್ನು ನಾನು ನೋಡಿಲ್ಲ.

ನಾನು ನಿನ್ನೆ ಎಣಿಸಿದೆ. (ಹೌದು, ಕಾಗದ ಪೆನ್ನು ಇಟ್ಟುಕೊಂಡು, ಮನೆಯವರು ನನ್ನ ಬಗ್ಗೆ ಆಸೆ ಬಿಟ್ಟು ಬಹಳ ಕಾಲವಾಯಿತು.) ಆ 62 ನಿಮಿಷಗಳಲ್ಲಿ ಪೆನಾಲ್ಟಿ ಆವರಣದೊಳಗೆ ನಮ್ಮ ಒಂಬತ್ತನೇ ಸಂಖ್ಯೆಯ ಆಟಗಾರನ ಬಳಿಗೆ ಚೆಂಡು ಬಂದದ್ದು ಮೂರೇ ಸಲ. ಒಂದು ಅವನ ಬೆನ್ನ ಹಿಂದೆ ಬಿತ್ತು, ಒಂದು ಅವನಿಗಿಂತ ಗೇಣುದ್ದ ಎತ್ತರದ ಇಬ್ಬರು ಡಿಫೆಂಡರುಗಳ ನಡುವೆ ತಲೆಯ ಮಟ್ಟದಲ್ಲಿ ಬಂತು, ಮೂರನೆಯದನ್ನು ಒದೆಯುವಷ್ಟರಲ್ಲಿ ಅವನು ಡಿಫೆಂಡರುಗಳನ್ನು ದಾಟಿ ಆಫ್‌ಸೈಡಿನಲ್ಲಿದ್ದ. ಇದರಲ್ಲಿ ಅವನು ಎರಡು ಗೋಲು ಹೊಡೆಯಬೇಕಿತ್ತಂತೆ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಒಂಬತ್ತನೆಯವನು ಓಟಗಾರ, ಡಿಫೆಂಡರುಗಳ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ನುಗ್ಗುವುದು ಅವನ ವಿದ್ಯೆ. ಹತ್ತೊಂಬತ್ತನೆಯವನು ಆಜಾನುಬಾಹು, ಎದೆಯ ಮೇಲೆ ಚೆಂಡು ಇಳಿಸಿಕೊಂಡು ಜೊತೆಯವರಿಗೆ ಕೊಡುವುದು, ಬದಿಯಿಂದ ಕ್ರಾಸ್ ಬಂದರೆ ತಲೆ ಕೊಡುವುದು ಅವನ ವಿದ್ಯೆ. ಓಟಗಾರ ಮೈದಾನದಲ್ಲಿದ್ದಷ್ಟು ಹೊತ್ತೂ ನಮ್ಮವರು ಹಿಂದಿನಿಂದ ಆಕಾಶಕ್ಕೆ ಚೆಂಡು ಎತ್ತುತ್ತಾರೆ, ಎತ್ತರದವನು ಬಂದ ಮರುಕ್ಷಣವೇ ಎಲ್ಲರಿಗೂ ನೆಲದ ಮೇಲೆ ಚೆಂಡು ನುಸುಳಿಸುವ ಕಲೆ ನೆನಪಾಗುತ್ತದೆ. ಇದಕ್ಕಾಗಿ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸುತ್ತಿರಬಹುದೆಂದು ನನಗೆ ಬಲವಾದ ಅನುಮಾನವಿದೆ.

ನಮ್ಮ ಎರಡೂ ಬದಿಯ ವಿಂಗರುಗಳ ಕಥೆಯೂ ಇದಕ್ಕೇ ಸೇರಿದ್ದು. ಬಲಬದಿಯಲ್ಲಿ ಎಡಗಾಲಿನವನು, ಎಡಬದಿಯಲ್ಲಿ ಬಲಗಾಲಿನವನು. ಇಬ್ಬರೂ ಚೆಂಡು ಸಿಕ್ಕೊಡನೆ ಒಳಕ್ಕೆ ತಿರುಗಿ ತಾವೇ ಗುರಿಯಿಡುತ್ತಾರೆ. ಸ್ಟ್ರೈಕರ್ ಹತ್ತಿರದ ಕಂಬದತ್ತ ಜೀವ ಬಿಟ್ಟು ಓಡುತ್ತಾನೆ, ಚೆಂಡು ಬರುವುದಿಲ್ಲ. ಮತ್ತೆ ಓಡುತ್ತಾನೆ, ಮತ್ತೆ ಬರುವುದಿಲ್ಲ. ಹತ್ತು ಸಲ ಹೀಗಾದ ಮೇಲೆ ಹನ್ನೊಂದನೆಯ ಸಲ ಅವನು ಅರ್ಧ ಮನಸ್ಸಿನಿಂದ ಓಡಿದಾಗಲೇ ಕ್ಯಾಮೆರಾ ಅವನ ಮೇಲೆ ನಿಲ್ಲುತ್ತದೆ, ವೀಕ್ಷಕ ವಿವರಣೆಕಾರರು ನಿಟ್ಟುಸಿರು ಬಿಡುತ್ತಾರೆ, ನಮ್ಮ ಗುಂಪಿನಲ್ಲಿ ಸೋಮಾರಿ ಎಂಬ ಪದ ಮೊಳಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಹೋದ ಋತುವಿನಲ್ಲಿ ಇದೇ ಗೋಡೆಯ ಮೇಲೆ, ಇದೇ ಒಂಬತ್ತನೆಯವನನ್ನು ಮಾರಿಬಿಡಿ ಎಂದು ನಾನೇ ಉದ್ದುದ್ದ ಬರೆದಿದ್ದೆ. ನಿಮ್ಮಲ್ಲಿ ಕೆಲವರು ಅದರ ಚಿತ್ರ ಉಳಿಸಿಕೊಂಡಿದ್ದೀರೆಂದೂ ಗೊತ್ತು, ಹಾಕುವುದಾದರೆ ಹಾಕಿ. ಆಗ ನಾನು ನೋಡುತ್ತಿದ್ದುದು ಗೋಲಿನ ಪಟ್ಟಿಯನ್ನು ಮಾತ್ರ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ 2022-23ರ ಋತುವಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಹಾಲಂಡ್ 36 ಗೋಲು ಹೊಡೆದು ದಾಖಲೆ ಬರೆದದ್ದು ನಮಗೆಲ್ಲ ಬಾಯಿಪಾಠ. ಅದೇ ಲೀಗಿನಲ್ಲಿ, ಅದೇ ತಂಡದ ಡಿ ಬ್ರೂಯ್ನ 16 ಗೋಲುಗಳಿಗೆ ಚೆಂಡು ಒದಗಿಸಿದ್ದು ಎಷ್ಟು ಜನರ ನೆನಪಿನಲ್ಲಿದೆ? ಇನ್ನು 2018ರ ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಸ್ಟ್ರೈಕರ್ ಜಿರೂ ಒಂದು ಗೋಲನ್ನೂ ಗಳಿಸಲಿಲ್ಲ, ಗುರಿಯತ್ತ ನೆಟ್ಟಗೆ ಒಂದು ಹೊಡೆತವೂ ಇರಲಿಲ್ಲ. ಆದರೂ ಕೋಚ್ ಡಿಶಾಂ ಅವರು ಫೈನಲ್ ಪಂದ್ಯದಲ್ಲೂ ಅವನನ್ನೇ ಮೊದಲ ಹನ್ನೊಂದರಲ್ಲಿ ಇಳಿಸಿದರು. ಅವನು ಡಿಫೆಂಡರುಗಳನ್ನು ತನ್ನ ಮೈಗೆ ಅಂಟಿಸಿಕೊಂಡು ನಿಂತದ್ದರಿಂದ ತೆರೆದ ಜಾಗದಲ್ಲಿ ಆಡಿದ ಗ್ರೀಜ್‌ಮನ್ ಮತ್ತು ಎಂಬಾಪೆ ತಲಾ 4 ಗೋಲು ಗಳಿಸಿದರು, ಕಪ್ ಫ್ರಾನ್ಸಿಗೆ ಹೋಯಿತು. ಜಿರೂ ನಮ್ಮ ತಂಡದಲ್ಲಿದ್ದಿದ್ದರೆ ಎರಡನೇ ಪಂದ್ಯದ 62ನೇ ನಿಮಿಷಕ್ಕೇ ಫಲಕ ಎದ್ದಿರುತ್ತಿತ್ತು.

ತಂತ್ರಗಾರಿಕೆ ಬಲ್ಲ ಗೆಳೆಯರೊಬ್ಬರು, ಇಬ್ಬರನ್ನು ಒಟ್ಟಿಗೆ ಆಡಿಸಿದರೆ ಮಿಡ್‌ಫೀಲ್ಡಿನಲ್ಲಿ ಒಬ್ಬರು ಕಡಿಮೆಯಾಗುತ್ತಾರೆ, ಮೂವರ ಎದುರು ಇಬ್ಬರು ಸಿಕ್ಕಿಬೀಳುತ್ತಾರೆ, ಈ ಕಾಲದಲ್ಲಿ ಅದು ಆತ್ಮಹತ್ಯೆ ಎಂದು ನನಗೆ ತಿಳಿಹೇಳಿದರು. ಮಾತು ಸುಳ್ಳಲ್ಲ. ಆದರೆ ಈ ಋತುವಿನುದ್ದಕ್ಕೂ ಮೂವರನ್ನೇ ಇಟ್ಟುಕೊಂಡು ನಾವು ಮಿಡ್‌ಫೀಲ್ಡನ್ನು ಯಾವ ಭಾಗ್ಯಕ್ಕೆ ಗೆದ್ದಿದ್ದೇವೆ ಎಂಬುದನ್ನು ಅವರು ಹೇಳಲಿಲ್ಲ. 2015-16ರಲ್ಲಿ ಲೆಸ್ಟರ್ ಪ್ರೀಮಿಯರ್ ಲೀಗ್ ಪ್ರಶಸ್ತಿ ಗೆದ್ದದ್ದು ಬಹುಪಾಲು ಹಳೆಯ 4-4-2ರಲ್ಲೇ, ಅಂದರೆ ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು ಸ್ಟ್ರೈಕರುಗಳು. ಮುಂಚೂಣಿಯಲ್ಲಿ ವಾರ್ಡಿ 24 ಗೋಲು ಹೊಡೆದ. ಅವನ ಜೊತೆಗಾರ ಒಕಾಝಾಕಿ ಲೀಗಿನಲ್ಲಿ ಹೊಡೆದದ್ದು 5 ಮಾತ್ರ, ಆದರೆ ಎದುರಾಳಿಯ ಬಳಿ ಚೆಂಡಿದ್ದಾಗಲೆಲ್ಲ ಹಿಂದಕ್ಕಿಳಿದು ಮಿಡ್‌ಫೀಲ್ಡಿನ ಮೂರನೆಯವನಾದವನು ಅವನೇ. ನಮ್ಮಲ್ಲಿ ಲೆಸ್ಟರಿನ ಮಿಡ್‌ಫೀಲ್ಡ್ ಕಾದ ಕಾಂಟೆಯಂಥವನು ಇಲ್ಲವಲ್ಲ ಎಂದು ಗೆಳೆಯರು ಈಗಾಗಲೇ ಬೆರಳು ಮಸೆಯುತ್ತಿರುತ್ತಾರೆ. ಇಲ್ಲ, ಒಪ್ಪಿದೆ. ಹಾಗೆಂದು ಇರುವ ಇಬ್ಬರು ಸ್ಟ್ರೈಕರುಗಳಲ್ಲಿ ಒಬ್ಬನನ್ನು ಸದಾ ಬೆಂಚಿಗೆ ಕಟ್ಟಿಹಾಕಬೇಕೆಂದೇನೂ ಇಲ್ಲವಲ್ಲ.

ಹೋಗಲಿ, ಮೊದಲ ನಿಮಿಷದಿಂದ ಬೇಡ; ಸೋಲುತ್ತಿರುವಾಗಲಾದರೂ? 1999ರ ಮೇ 26ರಂದು ಬಾರ್ಸಿಲೋನಾದ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹಿಂದೆ ಬಿದ್ದಿದ್ದಾಗ ಕೋಚ್ ಫರ್ಗ್ಯುಸನ್ ಅವರು 67ನೇ ನಿಮಿಷದಲ್ಲಿ ಶೆರಿಂಗಮ್‌ನನ್ನು ಕಳಿಸಿದ್ದು ಇನ್ನೊಬ್ಬ ಸ್ಟ್ರೈಕರನ ಬದಲಿಗೆ ಅಲ್ಲ, ವಿಂಗರ್ ಬ್ಲಾಮ್‌ಕ್ವಿಸ್ಟ್ ಬದಲಿಗೆ. ಸ್ಟ್ರೈಕರುಗಳಾದ ಯಾರ್ಕ್ ಮತ್ತು ಕೋಲ್ ಇಬ್ಬರೂ ಆಗ ಮೈದಾನದಲ್ಲೇ ಇದ್ದರು. ಕೋಲ್ ಜಾಗಕ್ಕೆ ಸೋಲ್ಷಾರ್ ಬಂದದ್ದು ಆಮೇಲೆ. ಕೊನೆಗೆ ಸೇರಿಸಿದ ಇಂಜುರಿ ಅವಧಿಯಲ್ಲಿ ಗೋಲು ಹೊಡೆದು ಗೆಲ್ಲಿಸಿದವರು ಹೊಸದಾಗಿ ಬಂದ ಆ ಇಬ್ಬರೇ. ನಮ್ಮ ಕೋಚ್ ಅಲ್ಲಿದ್ದಿದ್ದರೆ ಬ್ಲಾಮ್‌ಕ್ವಿಸ್ಟ್ ಮನೆಗೆ ಹೋಗುತ್ತಿರಲಿಲ್ಲ, ಯಾರ್ಕ್ ಹೋಗುತ್ತಿದ್ದ.

ಶನಿವಾರ ಮತ್ತೆ ಪಂದ್ಯವಿದೆ. ಹತ್ತೊಂಬತ್ತನೆಯವನು ಮೊದಲು ಇಳಿಯುತ್ತಾನೆಂದು ಸುದ್ದಿ. ಗುಂಪಿನಲ್ಲಿ ಅರ್ಧ ಜನ ಈಗಾಗಲೇ ಸಂಭ್ರಮದಲ್ಲಿದ್ದಾರೆ. ನಾನು ಹೊಸ ಹಾಳೆಯಲ್ಲಿ ಅವನ ಹೆಸರು ಬರೆದು, ಕೆಳಗೆ ಗೀಟು ಎಳೆಯಲು ಜಾಗ ಬಿಟ್ಟಿದ್ದೇನೆ. ಹೋದ ಸಲದ ಅನುಭವದಿಂದ ಬಹಳ ಜಾಗವನ್ನೇನೂ ಬಿಟ್ಟಿಲ್ಲ.