ಟೈಲ್ಸ್‌ಗೆ ಲಕ್ಷಗಟ್ಟಲೆ, ನೆಟ್ ವೈರಿಗೆ ಕಿಟಕಿ ತೂತು

ಹೊಸ ಮನೆ ಕಟ್ಟಿಸುವವರು ಟೈಲ್ಸ್ ಆರಿಸೋಕೆ ವಾರಗಟ್ಟಲೆ ಅಂಗಡಿ ಸುತ್ತುತ್ತಾರೆ. ಇಂಟರ್ನೆಟ್ ಎಲ್ಲಿಂದ ಒಳಗೆ ಬರಬೇಕು ಅಂತ ಎಲೆಕ್ಟ್ರಿಷಿಯನ್ನನ್ನು ಒಂದು ಮಾತು ಕೇಳಲ್ಲ. ಕೊನೆಗೆ ಕನೆಕ್ಷನ್ ಕೊಡೋ ಹುಡುಗ ಬಂದು ಕಿಟಕಿ ಫ್ರೇಮಿಗೆ ತೂತು ಕೊರೆದು, ಟೀವಿ ಹಿಂದೆ ರೂಟರ್ ತುರುಕಿ ಹೋಗ್ತಾನೆ. ಹಿಂದಿನ ರೂಮಲ್ಲಿ ವೈಫೈ ಸಿಗದಿದ್ದರೆ ಕಂಪನಿಗೆ ಮಂಗಳಾರತಿ!

ಪ್ಲಾಸ್ಟರಿಂಗ್‌ಗೆ ಮೊದಲೇ ಟೆರೇಸಿನಿಂದ ಮನೆಯ ನಡುಭಾಗಕ್ಕೆ ಒಂದು ಪ್ರತ್ಯೇಕ ಪೈಪ್, ಅಲ್ಲಿಂದ ರೂಮುಗಳಿಗೆ ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲ್. ಇಷ್ಟು ಮಾಡಿಸಿ ಸಾಕು. ಕರೆಂಟ್ ವೈರಿನ ಪೈಪಿನಲ್ಲೇ ಇದನ್ನೂ ತೂರಿಸೋಕೆ ಬಿಡಬೇಡಿ. 230 ವೋಲ್ಟಿನ ಜೊತೆ ಸರಸ ಬೇಡ. ಫೈಬರ್ (ಬೆಳಕಿನ ರೂಪದಲ್ಲಿ ಇಂಟರ್ನೆಟ್ ತರೋ ಗಾಜಿನ ಎಳೆ) ಬರೋ ಕಡೆ ಚೂಪು ಎಲ್ಬೋ ಬದಲು ಉದ್ದ ಬೆಂಡ್ ಹಾಕಿಸಿ. ಫೈಬರ್ ತೀರಾ ಮಡಿಚಿದರೆ ಬೆಳಕು ಸೋರಿಹೋಗುತ್ತೆ, ಫೈಬರ್ ಬಂದು ಸೇರೋ ಡಬ್ಬಿಯಲ್ಲಿ ಕೆಂಪು ದೀಪ ಮಿನುಗುತ್ತೆ.

ಕೇಬಲ್ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಂಗಡಿಯವನು ಏನೇ ಹೇಳಲಿ, ವಾಪಸ್ ಕೊಡಿ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ: ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಕೇಬಲ್ ಒಳಗಿನ ಎಂಟೂ ತಂತಿ ಬೇಕು. ಒಂದು ಸರಿಯಾಗಿ ಕೂರದಿದ್ದರೂ ಲಿಂಕ್ ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯಬಹುದು. 300 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿಯೂ ಸ್ಪೀಡ್ ಟೆಸ್ಟ್ 94ರ ಆಸುಪಾಸಲ್ಲೇ ನಿಂತರೆ ಮೊದಲು ಪಿನ್ನು, ಕೇಬಲ್ ನೋಡಿ. ಕಸ್ಟಮರ್ ಕೇರ್ ಆಮೇಲೆ.

‘ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸೋ ಯಂತ್ರ) ಹಾಕಿದ್ರೆ ಆಯ್ತಲ್ಲ’ ಅನ್ನೋರಿಗೆ: ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕು. ವೇಗ ಹೆಚ್ಚುಕಮ್ಮಿ ಅರ್ಧ. ವೈಫೈ ಸಿಗ್ನಲ್ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಬ್ಯಾಂಡ್ ಬೇಗ ಸೋಲುತ್ತೆ, 2.4 ದೂರ ಹೋದರೂ ಅಪಾರ್ಟ್‌ಮೆಂಟಲ್ಲಿ ಅಕ್ಕಪಕ್ಕದ ಎಲ್ಲರ ರೂಟರ್‌ಗಳೂ ಅಲ್ಲೇ ಕಿತ್ತಾಡ್ತಿರುತ್ತವೆ. ತಂತಿ ಎಳೆದು ತುದಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈಫೈ ಕೊಡೋ ಡಬ್ಬಿ) ಇಡೋದೇ ವಾಸಿ.

ಲ್ಯಾಂಡ್‌ಲೈನ್ ಇರೋರು ಗಮನಿಸಿ. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಕರೆಂಟ್ ಹೋದರೂ ಫೋನ್ ರಿಂಗಾಗುತ್ತಿತ್ತು. ಫೈಬರಿನಲ್ಲಿ ಫೋನ್ ಬರೋದು ಮನೆಯ ಕರೆಂಟಿನಲ್ಲಿ ನಡೆಯೋ ಆ ಫೈಬರ್ ಡಬ್ಬಿಯಿಂದ. ಡಬ್ಬಿ ಸತ್ತರೆ ಫೋನೂ ಸತ್ತಂತೆ. ಊರಲ್ಲಿ ವಯಸ್ಸಾದ ಅಪ್ಪ-ಅಮ್ಮ ಅದನ್ನೇ ನಂಬಿದ್ದರೆ ಆ ಡಬ್ಬಿಗೆ ಒಂದು ಪುಟ್ಟ ಡಿಸಿ ಯುಪಿಎಸ್ (ಕರೆಂಟ್ ಹೋದಾಗ ನಡೆಸೋ ಬ್ಯಾಟರಿ) ಇಟ್ಟುಕೊಡಿ. ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟೇಜ್ (ಸಾಮಾನ್ಯವಾಗಿ 12) ಹೊಂದಬೇಕು. ಮನೆಯೊಳಗಿನ ಹಳೇ ಫೋನ್ ವೈರಿಂಗನ್ನೇ ಬಳಸೋದಾದರೆ, ಹೊರಗಿನಿಂದ ಬರೋ ಹಳೇ ಲೈನನ್ನು ಮೊದಲು ಕಳಚಿಸಿ, ಆಮೇಲೆ ಡಬ್ಬಿಗೆ ಜೋಡಿಸಿ.